ಗ್ರಹಣ ಹಿಡಿದಿರೋದು ಆ ಮುಖಕ್ಕಲ್ಲ

1/4
ನಾಗಮಂಗಲದಿಂದ ಶ್ರೀರಂಗಪಟ್ಟಣದ ತನಕ, ಮಗು ಕೆನ್ನೇಲಿ ನೀಲಿ ಊತ ಕಂಡ್ರೆ ಒಂದೇ ಮಾತು: "ಬಸುರೀಲಿ ಅವ್ರವ್ವ ಗ್ರಹಣ ನೋಡವ್ಳೆ." ಸುಳ್ಳು ಕಣ್ರೋ. ಅವ್ವಂದೇನೂ ತಪ್ಪಿಲ್ಲ.

2/4
ಅದರ ಹೆಸರು ವೀನಸ್ ಮಾಲ್‌ಫಾರ್ಮೇಶನ್. ಹೃದಯಕ್ಕೆ ರಕ್ತ ವಾಪಸ್ ತರೋ ನಾಳಗಳು ಹುಟ್ಟೋ ಮೊದಲೇ ಸರಿಯಾಗಿ ರೂಪುಗೊಂಡಿರಲ್ಲ. ಒತ್ತಿದ್ರೆ ತಗ್ಗುತ್ತೆ, ತಲೆ ಬಗ್ಗಿಸಿದ್ರೆ ಉಬ್ಬುತ್ತೆ. ಅಂಟುರೋಗ ಅಲ್ಲ, ಕ್ಯಾನ್ಸರೂ ಅಲ್ಲ.

3/4
"ದೊಡ್ಡವಳಾದ್ರೆ ಹೋಗುತ್ತೆ ಬಿಡು" ಅಂತೀರಾ? ತಾನಾಗೇ ಕುಗ್ಗೋದು ಹಿಮ್ಯಾಂಜಿಯೋಮಾ, ಅದು ಬೇರೆ. ಇದು ಮಗು ಜೊತೆಗೇ ಬೆಳೆಯುತ್ತೆ, ಹರೆಯದಲ್ಲಿ ಇನ್ನೂ ಹೆಚ್ಚಬಹುದು. ಸೂಜಿಯಲ್ಲಿ ಔಷಧಿ ಕೊಟ್ಟು ನಾಳ ಮುಚ್ಚಿಸೋ ಸ್ಕ್ಲೆರೋಥೆರಪಿ ಇದೆ. ಸಾಮಾನ್ಯವಾಗಿ ಹಲವು ಸಲ ಬೇಕು, ಕೆಲವರಿಗೆ ಆಪರೇಷನ್ನೂ ಬೇಕಾಗುತ್ತೆ. ಒಂದೇ ಸಲಕ್ಕೆ ಮಾಯ ಅನ್ನೋರನ್ನ ನಂಬಬೇಡಿ. ಬರೆ ಹಾಕಿಸಲೇಬೇಡಿ.

4/4
2013ರಿಂದ ಆರ್‌ಬಿಎಸ್‌ಕೆ ಇದೆ. ಅದರ ಡಾಕ್ಟರ್ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು 18 ವರ್ಷದ ತನಕ ಮಕ್ಕಳನ್ನ ನೋಡ್ತಾರೆ. ಅವತ್ತೇ ಮಗೂನ ಮನೇಲಿ ಬಚ್ಚಿಡಬೇಡಿ. ಪಾಂಡವಪುರ ಆಗ್ಲಿ, ಕೆ.ಆರ್. ಪೇಟೆ ಆಗ್ಲಿ, ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗಿ. ಅಲ್ಲಿ ಆಗದಿದ್ರೆ ಮುಂದೆ ಎಲ್ಲಿಗೆ ಅಂತ ಬರೆಸ್ಕೊಳ್ಳಿ.

ಇನ್ನು ನಾವು. ಗ್ರೂಪ್ ಫೋಟೋದಲ್ಲಿ ಅವಳನ್ನ ಕ್ರಾಪ್ ಮಾಡಿ, "ಫಿಲ್ಟರ್ ಹಾಕೇ" ಅಂತ ನಗೋ ನಾವು. ಗ್ರಹಣ ಹಿಡಿದಿರೋದು ನಮಗೇ ಅಲ್ವಾ?