ಹಗ್ಗ ಕಟ್ಟಿದವರ ರಜೆ

2025ರಲ್ಲಿ ಆಗಸ್ಟ್ 15 ಶುಕ್ರವಾರ ಬಂದಿತ್ತು. ಜುಲೈ ಮೊದಲ ವಾರಕ್ಕೇ ನಮ್ಮ ಟೀಮಿನ ಅರ್ಧ ಜನ ಗೋಕರ್ಣ, ದಾಂಡೇಲಿ, ಮಹಾಬಳೇಶ್ವರ ಎಂದು ಬುಕಿಂಗ್ ಮುಗಿಸಿದ್ದರು. 2026ರಲ್ಲಿ ಅದೇ ದಿನ ಶನಿವಾರ, 2027ರಲ್ಲಿ ಭಾನುವಾರ. ಯಾರೋ ಮೊಬೈಲಿನಲ್ಲಿ ಕ್ಯಾಲೆಂಡರ್ ತೆಗೆದು ಇದನ್ನು ತೋರಿಸಿದ ದಿನ ಕ್ಯಾಂಟೀನಿನಲ್ಲಿ ಸೂತಕದ ಕಳೆ ಇತ್ತು. ಸತತ ಎರಡು ವರ್ಷ ರಜೆ ‘ದಂಡ’. ಆ ಶೋಕದಲ್ಲಿ ನಾನೂ ಭಾಗಿಯಾಗಿದ್ದೆ, ಮೊದಲೇ ಹೇಳಿಬಿಡುತ್ತೇನೆ.

ಸ್ವಾತಂತ್ರ್ಯ ದಿನದಂದು ಹತ್ತು ಗಂಟೆಯ ತನಕ ಮಲಗುವವರಿಗೆ, ರೆಸಾರ್ಟಿಗೆ ಹೋಗುವವರಿಗೆ ದೇಶಭಕ್ತಿಯ ಪಾಠ ಹೇಳುವ ಲೇಖನಗಳು ಪ್ರತಿ ಆಗಸ್ಟಿನಲ್ಲೂ ಬರುತ್ತವೆ. ನನ್ನದು ಆ ಜಗಳವಲ್ಲ. ರಜೆ ಎಂದರೆ ರಜೆ, ಅದನ್ನು ಹೇಗೆ ಕಳೆಯಬೇಕೆಂದು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಆದರೆ ಆ ರಜೆ ಯಾರದು ಎಂದು ಕೇಳಬೇಕಾಗಿದೆ. ಕೇಳಬೇಕಾದವರು ನಾವೇ, ಯಾಕೆಂದರೆ ಅದನ್ನು ಇನ್ನೊಬ್ಬರಿಂದ ಕಿತ್ತುಕೊಂಡಿರುವವರೂ ನಾವೇ.

ಪುಣೆಯ ವಾಕಡ್‌ನಲ್ಲಿರುವ ನಮ್ಮ ಸೊಸೈಟಿಯಲ್ಲಿ 240 ಮನೆಗಳಿವೆ. ಆಗಸ್ಟ್ 15ರ ಬೆಳಿಗ್ಗೆ ಎಂಟಕ್ಕೆ ಧ್ವಜದ ಹತ್ತಿರ ಸೇರುವವರು ಹೆಚ್ಚೆಂದರೆ ಐವತ್ತು ಜನ. ಸ್ಪೀಕರಿನಲ್ಲಿ ಆರೂವರೆಯಿಂದಲೇ ಸಿನಿಮಾದ ದೇಶಭಕ್ತಿ ಗೀತೆಗಳು. ಕಟ್ಟೆ ತೊಳೆದು ರಂಗೋಲಿ ಹಾಕುವವರು ಹೌಸ್‌ಕೀಪಿಂಗ್ ಹೆಂಗಸರು. ಕುರ್ಚಿ ಹಾಕುವವರು, ಧ್ವಜ ಮಡಚಿ ಅದರೊಳಗೆ ಹೂವಿನ ಎಸಳು ತುಂಬಿ ಗಂಟು ಹಾಕುವವರು ವಾಚ್‌ಮನ್‌ಗಳು. ರೂಢಿಯ ಪ್ರಕಾರ ಸ್ವಾತಂತ್ರ್ಯ ದಿನದಂದು ಧ್ವಜವನ್ನು ಕೆಳಗಿನಿಂದ ಮೇಲಕ್ಕೆ ಏರಿಸಬೇಕು, ಗಣರಾಜ್ಯ ದಿನದಂದು ಮೇಲೆ ಕಟ್ಟಿದ್ದನ್ನು ಬಿಚ್ಚಬೇಕು. ನಮ್ಮಲ್ಲಿ ಎರಡೂ ದಿನ ಹಗ್ಗ ಎಳೆದರೆ ಹೂ ಉದುರಬೇಕು, ಅಷ್ಟೇ. ಒಂದು ವರ್ಷ ಮಳೆಗೆ ಹಗ್ಗ ಬಿಗಿದು ಗಂಟು ಬಿಚ್ಚಲಿಲ್ಲ. ಅಧ್ಯಕ್ಷರು ನಾಲ್ಕು ಸಲ ಎಳೆದರು. ಕೊನೆಗೆ ವಾಚ್‌ಮನ್ ಓಡಿಬಂದು ಜಗ್ಗಿದ ಮೇಲೆ ಧ್ವಜ ಬಿಚ್ಚಿಕೊಂಡಿತು. ರಾಷ್ಟ್ರಗೀತೆ ಮುಗಿಯುವ ತನಕ ಎಲ್ಲರೂ ನೆಟ್ಟಗೆ ನಿಂತಿದ್ದೆವು. ಮುಗಿದ ಕೂಡಲೇ ಅವನನ್ನು ಎಲ್ಲರೆದುರು ಬೈದರು.

(ಧಾರವಾಡದ ಕಡೆಯವನಾಗಿ ಇನ್ನೊಂದು ಹೊಟ್ಟೆಯುರಿ. ಆ ಧ್ವಜವೂ ಪಾಲಿಯೆಸ್ಟರಿನದು. ಖಾದಿ ಧ್ವಜ ತಯಾರಿಸುವ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿಯುವ ಕೈಗಳು ಬಹುತೇಕ ಹೆಂಗಸರವು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರಿಗೆ ಒಪ್ಪಿಗೆ ಕೊಟ್ಟ ಮೇಲೆ ಅವರು ಪ್ರತಿಭಟನೆಗೆ ಕೂರಬೇಕಾಯಿತು. ನಮ್ಮ ಸೊಸೈಟಿಯಲ್ಲಿ ಇದು ಯಾರಿಗೂ ಸುದ್ದಿಯಾಗಲಿಲ್ಲ.)

ಬೈಸಿಕೊಂಡವರು ಯಾದಗಿರಿ ಕಡೆಯವರು. ವಯಸ್ಸು ಅರವತ್ತರ ಹತ್ತಿರ. ಗೇಟಿನಲ್ಲಿ ಕನ್ನಡ ಮಾತಾಡಲು ಸಿಗುವ ಒಬ್ಬರೇ ಒಬ್ಬರು ಎಂದು ನನಗೆ ಅವರ ಮೇಲೆ ಸಲಿಗೆ. ಅವತ್ತು ಸಮಾಧಾನ ಹೇಳುವವನ ಹಾಗೆ ಹತ್ತಿರ ಹೋದೆ.

“ಕಾಕಾ, ಇವತ್ತರ ರಜಾ ತಗೋಬಾರದೇನ್ರಿ?”

“ರಜಾ ನಿಮಗರೀ ಸಾಹೇಬ್ರ. ನಾ ಇವತ್ತ ಬರ್ಲಿಲ್ಲಂದ್ರ ಎರಡ ದಿನದ ಪಗಾರ ಹಿಡೀತಾರ.”

ನನ್ನ ಕೈಗೊಂದು ಲಾಡು ಇಟ್ಟು ಗೇಟಿಗೆ ಹೋದರು. ಹನ್ನೆರಡು ತಾಸಿನ ಪಾಳಿ. ಅವರ ಊರಿಗೆ ಸ್ವಾತಂತ್ರ್ಯ ಬಂದದ್ದೇ ತಡವಾಗಿ. 1947ರ ಆಗಸ್ಟ್ 15ರಂದು ಯಾದಗಿರಿ ಇನ್ನೂ ನಿಜಾಮನ ಕೈಯಲ್ಲಿತ್ತು, ಬಿಡುಗಡೆಗೆ 1948ರ ಸೆಪ್ಟೆಂಬರ್ 17ರ ತನಕ ಕಾಯಬೇಕಾಯಿತು. ಹದಿಮೂರು ತಿಂಗಳ ಆ ತಡಕ್ಕೆ ನಿಜಾಮ ಕಾರಣ. ಕಾಕಾನ ರಜೆ ಇನ್ನೂ ಬಾರದಿರುವುದಕ್ಕೆ ನಾನು ಕಾರಣ. ಇದು ಮಾತಿನ ಚಂದಕ್ಕೆ ಹೇಳಿದ್ದಲ್ಲ, ವಿವರಿಸುತ್ತೇನೆ.

ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ 2017ರದು. ತನ್ನ ವ್ಯಾಪ್ತಿಗೆ ಬರುವ ಸಂಸ್ಥೆಗಳಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ವರ್ಷಕ್ಕೆ ಎಂಟು ಸಂಬಳಸಹಿತ ರಜೆ ಎನ್ನುತ್ತದೆ. ಅದರಲ್ಲಿ ನಾಲ್ಕು ದಿನಗಳನ್ನು ಹೆಸರಿಸಿಯೇ ಹೇಳಿದೆ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2. ಆ ದಿನ ಕೆಲಸ ಮಾಡಿಸಿಕೊಂಡರೆ ದುಪ್ಪಟ್ಟು ಕೂಲಿ ಕೊಡಬೇಕು, ಬದಲಿ ರಜೆಯನ್ನೂ ಕೊಡಬೇಕು. ಇದೇನು ಮರಾಠಿಗರ ವಿಶೇಷ ಔದಾರ್ಯವಲ್ಲ. ಕರ್ನಾಟಕದಲ್ಲಿ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ 1963ರಿಂದ ಇದೆ, ತಮಿಳುನಾಡಿನಲ್ಲಿ 1958ರಿಂದ. ರಾಷ್ಟ್ರೀಯ ರಜೆ ಎಂಬುದು ಭಾಷಣಕ್ಕೆ ಮೊದಲು ಕೂಲಿಯ ಲೆಕ್ಕ. ದುಡಿಯುವವನಿಗೆ ಸಂಬಳ ಕಡಿಯದೆ ಒಂದು ದಿನ ಕೊಡುವುದರಲ್ಲಿ ಗಣರಾಜ್ಯ ತನ್ನನ್ನು ತೋರಿಸಿಕೊಳ್ಳಬೇಕು ಎಂದು ಆ ಶಾಸನಸಭೆಗಳು ತೀರ್ಮಾನಿಸಿದ್ದವು.

ಈಗ ನನ್ನ ಪಾಲಿನ ವಿಷಯ. ಎರಡು ವರ್ಷ ನಾನು ಸೊಸೈಟಿಯ ಕಮಿಟಿಯಲ್ಲಿದ್ದೆ. ಸೆಕ್ಯುರಿಟಿ ಗುತ್ತಿಗೆ ಬದಲಾಯಿಸುವಾಗ ಮೂರು ಕೊಟೇಶನ್ ಬಂದವು. ಒಂದರಲ್ಲಿ ಪಿಎಫ್, ಇಎಸ್‌ಐ, ಬೋನಸ್ ಜೊತೆಗೆ ‘ನ್ಯಾಷನಲ್ ಹಾಲಿಡೇ’ ಎಂದು ಪ್ರತ್ಯೇಕ ಸಾಲಿತ್ತು, ಮುಂದೆ ಒಂದು ಮೊತ್ತ. “ಈ ಸಾಲು ತೆಗೆದರೆ ರೇಟು ಎಷ್ಟಾಗುತ್ತದೆ?” ಎಂದು ಕೇಳಿದವನು ನಾನು. ಏಜೆನ್ಸಿಯವರು ಪೆನ್ನಿನಿಂದ ಅಲ್ಲೇ ಗೀಟು ಎಳೆದು ಹೊಸ ಮೊತ್ತ ಬರೆದುಕೊಟ್ಟರು. ಆ ತಿಂಗಳ ಮೀಟಿಂಗಿನಲ್ಲಿ ನನಗೆ ಚಪ್ಪಾಳೆ ಬಿತ್ತು, ಉಳಿತಾಯ ಮಾಡಿಸಿದ್ದಕ್ಕೆ. ಕಾನೂನು ಕೊಟ್ಟದ್ದನ್ನು ನನ್ನ ಒಂದು ಪ್ರಶ್ನೆ ಕಿತ್ತುಕೊಂಡಿತು. ಕಾಕಾ ಹೇಳುವ ತನಕ ಅದು ನನಗೆ ಹೊಳೆದಿರಲೂ ಇಲ್ಲ.

ಇದನ್ನು ಗೆಳೆಯರೆದುರು ಎತ್ತಿದಾಗ ಬಂದ ಉತ್ತರಗಳು ಗೊತ್ತಿರುವವೇ. “ಅದು ಏಜೆನ್ಸಿಯ ಹೊಣೆ, ನಮ್ಮದಲ್ಲ.” ಏಜೆನ್ಸಿ ಕೊಡುವುದು ನಾವು ಕೊಟ್ಟದ್ದರಲ್ಲೇ, ಗೀಟು ಎಳೆಸಿದ್ದೂ ನಾವೇ. “ಗೇಟಿಗೆ ಯಾರಾದರೂ ಬೇಕಲ್ಲ!” ಬೇಕು. ಅದಕ್ಕೇ ಕಾಯ್ದೆಯಲ್ಲಿ ದುಪ್ಪಟ್ಟು ಕೂಲಿಯ ಮಾತಿರುವುದು. ಆಸ್ಪತ್ರೆ, ರೈಲು, ನೀರು ಅಂದೂ ನಡೆಯಬೇಕು, ಆ ದಿನ ದುಡಿದವರ ದಿನಕ್ಕೆ ಬೆಲೆ ಹೆಚ್ಚು ಎನ್ನುವುದಷ್ಟೇ ತಕರಾರು. “ಅವರಿಗೇ ರಜೆ ಬೇಡ, ಡ್ಯೂಟಿ ಬೇಕು ಅಂತಾರೆ.” ಹೌದು, ಬಾರದಿದ್ದರೆ ಎರಡು ದಿನದ ಪಗಾರ ಹಿಡಿಯುತ್ತೇವೆ ಎಂದರೆ ನಾನೂ ಹಾಗೇ ಅನ್ನುತ್ತಿದ್ದೆ.

ಕೊನೆಯದು ಮೇಂಟೆನೆನ್ಸ್ ಏರುತ್ತದೆ ಎಂಬ ಭಯ. ಲೆಕ್ಕ ಹಾಕಿದೆ. ನಮ್ಮಲ್ಲಿ ಎರಡು ಪಾಳಿ ಸೇರಿ 14 ವಾಚ್‌ಮನ್‌ಗಳು, 9 ಜನ ಹೌಸ್‌ಕೀಪಿಂಗ್. ದಿನಕ್ಕೆ ಒಬ್ಬರಿಗೆ ಸುಮಾರು 600 ರೂಪಾಯಿ. ಹೆಚ್ಚುವರಿ ಒಂದು ದಿನದ ಕೂಲಿ 13,800. ಒಂದು ಮನೆಗೆ 57 ರೂಪಾಯಿ 50 ಪೈಸೆ. ಹೆಸರಿಸಿದ ನಾಲ್ಕೂ ದಿನಕ್ಕೆ ಸೇರಿ ವರ್ಷಕ್ಕೆ 230 ರೂಪಾಯಿ. ಬದಲಿ ರಜೆಯ ಖರ್ಚು ಸೇರಿಸಿದರೂ 500 ದಾಟುವುದಿಲ್ಲ. ಆಗಸ್ಟ್ 15ರ ಮಧ್ಯಾಹ್ನ ಮೊಬೈಲಿನಲ್ಲಿ ತರಿಸುವ ಬಿರಿಯಾನಿಗೆ ನಮ್ಮ ಮನೆಯಲ್ಲಿ ಇದಕ್ಕಿಂತ ಹೆಚ್ಚಾಗುತ್ತದೆ. ಅದನ್ನು ಮಳೆಯಲ್ಲಿ ತಂದುಕೊಡುವ ಹುಡುಗನಿಗಂತೂ ಇಂಥ ಕಾಯ್ದೆಯ ಆಸರೆಯೂ ಇಲ್ಲ. ಅವನು ಕಾಗದದ ಮೇಲೆ ನೌಕರನೇ ಅಲ್ಲವಂತೆ, ‘ಪಾರ್ಟ್ನರ್’.

ಮೇ 1ರ ಕಥೆ ಇನ್ನೂ ಅಪಹಾಸ್ಯದ್ದು. ಅಂದು ಇಲ್ಲಿ ಮಹಾರಾಷ್ಟ್ರ ದಿನ, ಕಾರ್ಮಿಕರ ದಿನವೂ ಹೌದು. ಅಂದೂ ಧ್ವಜ ಏರುತ್ತದೆ, ಅಂದೂ ಕಟ್ಟೆ ತೊಳೆಯುವವರು ಅದೇ ಹೆಂಗಸರು. ಕಾರ್ಮಿಕರ ಹೆಸರಿನ ರಜೆಯಲ್ಲಿ ಕಾರ್ಮಿಕರನ್ನು ಬಿಟ್ಟು ಮಿಕ್ಕವರೆಲ್ಲ ಮಲಗಿರುತ್ತೇವೆ.

ಕನ್ನಡಿಗರಾದ ನಾವು ಇದರಲ್ಲಿ ಬೇರೆಯವರಿಗಿಂತ ಮೇಲೇನಲ್ಲ. ನವೆಂಬರ್ 1ಕ್ಕೆ ಇಲ್ಲಿ ರಜೆಯಿಲ್ಲ ಎಂದು ಪ್ರತಿ ವರ್ಷ ಗೊಣಗುತ್ತೇವೆ, ರಾಜ್ಯೋತ್ಸವವನ್ನು ಯಾವುದೋ ಭಾನುವಾರಕ್ಕೆ ತಳ್ಳುತ್ತೇವೆ. ಆ ಭಾನುವಾರ ಬಾಳೆಎಲೆ ಎತ್ತುವವರಲ್ಲಿ ಕಲಬುರಗಿಯವರು, ವಿಜಯಪುರದವರು ಇರುತ್ತಾರೆ. ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಎಂದು ನಾನು ಹೇಳುತ್ತಿಲ್ಲ. ಶಾಲಿನ ಚಟ ನಮಗೆ ಈಗಾಗಲೇ ಸಾಕಷ್ಟಿದೆ.

ಇನ್ನು ನೆನಪಿನ ಬರಹಗಳು. ಪ್ರಭಾತಫೇರಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಗಂಟಿದ ಪೆಪ್ಪರಮಿಂಟು. ನಾನೂ ಬರೆದಿದ್ದೇನೆ, ಬರೆದು ಮೆಚ್ಚುಗೆಯನ್ನೂ ಪಡೆದಿದ್ದೇನೆ. ಈಗ ಅದನ್ನು ತೆಗೆದು ನೋಡಿದರೆ ಹೆಡ್‌ಮಾಸ್ತರರಿದ್ದಾರೆ, ಊರ ಗೌಡರಿದ್ದಾರೆ, ಹಾಡಿದ ಹುಡುಗಿಯರಿದ್ದಾರೆ. ಹಿಂದಿನ ರಾತ್ರಿ ಲಾಟೀನು ಹಿಡಿದು ಕಟ್ಟೆಗೆ ಸುಣ್ಣ ಬಳಿದ ಜವಾನ ಇಲ್ಲ. ಬೆಳಿಗ್ಗೆ ಅವನ ಬೆರಳು ಸುಣ್ಣಕ್ಕೆ ಸುಟ್ಟು ಕೆಂಪಾಗಿದ್ದವು, ಅದನ್ನು ನೋಡಿದ್ದು ಚೆನ್ನಾಗಿ ನೆನಪಿದೆ. ಬರೆಯುವಾಗ ಬಿಟ್ಟುಹೋಗಿತ್ತು.

ಕಳೆದ ವಾರ್ಷಿಕ ಸಭೆಯಲ್ಲಿ, ಕಮಿಟಿಯಲ್ಲಿ ಇಲ್ಲದಿದ್ದರೂ, ಆ ಗೀಟು ಎಳೆದ ಸಾಲನ್ನು ಮತ್ತೆ ಸೇರಿಸಬೇಕೆಂದು ಪ್ರಸ್ತಾವ ಇಟ್ಟೆ. ಗೀಟು ಎಳೆಸಿದ್ದು ಯಾರು ಎಂದೂ ಹೇಳಿದೆ. ಪರವಾಗಿ ಹನ್ನೊಂದು ಕೈ ಎದ್ದವು. ಗುತ್ತಿಗೆ ನವೀಕರಣದ ಹೊತ್ತಿಗೆ ಪರಿಶೀಲಿಸುವುದು ಎಂದು ನಡಾವಳಿಯಲ್ಲಿ ಬರೆದುಕೊಂಡು ಪಾರ್ಕಿಂಗ್ ವಿಷಯಕ್ಕೆ ಹೋದರು. ಪಾರ್ಕಿಂಗಿಗೆ ಎರಡು ತಾಸು ಹಿಡಿಯಿತು.

ಓದುತ್ತಿರುವ ನೀವು ಹೈದರಾಬಾದಿನಲ್ಲಿರಬಹುದು, ಚೆನ್ನೈ, ದೆಹಲಿಯಲ್ಲಿರಬಹುದು. ನಿಮ್ಮ ಕಟ್ಟಡದ ಸೆಕ್ಯುರಿಟಿ ಬಿಲ್ಲನ್ನು ಒಮ್ಮೆ ಕೇಳಿ ಪಡೆಯಿರಿ. ಸದಸ್ಯರು ಕೇಳಿದರೆ ತೋರಿಸುತ್ತಾರೆ. ಅದರಲ್ಲಿ ರಾಷ್ಟ್ರೀಯ ರಜೆಯ ಸಾಲು ಇದೆಯೇ ನೋಡಿ. ಇದ್ದರೆ ಆ ದುಡ್ಡು ಕೈಗೆ ಬರುತ್ತದೆಯೇ ಎಂದು ಗೇಟಿನಲ್ಲಿ ನಿಂತವರನ್ನೇ ಕೇಳಿ, ಸೂಪರ್‌ವೈಸರ್ ಹತ್ತಿರ ಇಲ್ಲದಾಗ.

ನಮ್ಮ ಗ್ರೂಪಿಗೆ ಮೊನ್ನೆ ಸಂದೇಶ ಬಂತು. ಧ್ವಜಾರೋಹಣ ಎಂಟಕ್ಕೆ, ಎಲ್ಲರೂ ಬಿಳಿ ಬಟ್ಟೆಯಲ್ಲಿ ಬನ್ನಿ, ಉಪಾಹಾರವಿದೆ. ಕೆಳಗೆ ಇನ್ನೊಂದು ಸಾಲು: ಗಾರ್ಡುಗಳು ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಆರು ಗಂಟೆಗೇ ಹಾಜರಿರಬೇಕು, ಹಗ್ಗವನ್ನು ಹಿಂದಿನ ದಿನವೇ ಪರೀಕ್ಷಿಸಿರಬೇಕು.