ಟೆಲಿಫೋನು ಮೂಕವಾದ ದಿನ

2005ರ ಜುಲೈ 26ರ ಮಳೆಯನ್ನು ಈ ಭಾಗದ ಕನ್ನಡ ಕಾಮಗಾರರು ಮರೆಯುವಂತಿಲ್ಲ. ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಸುರಿಯಿತು. ಉಲ್ಹಾಸ್, ವಾಲಧುನಿ ನದಿಗಳು ಉಕ್ಕಿ ಕಲ್ಯಾಣ, ಬದಲಾಪುರ ಕಡೆಯ ವಸತಿಗಳು ಮುಳುಗಿದವು. ಲೋಕಲ್ ಗಾಡಿಗಳು ನಿಂತವು, ವಿದ್ಯುತ್ತು ಹೋಯಿತು, ಅದರ ಬೆನ್ನಿಗೇ ಫೋನುಗಳೂ ಮೂಕವಾದವು. ಹಳಿಯ ಮೇಲೆ ನಡೆದು ಡೊಂಬಿವಲಿಯ ಮನೆ ಸೇರಿದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಆ ರಾತ್ರಿ ಕುಂದಾಪುರದಲ್ಲೋ ಕಾರ್ಕಳದಲ್ಲೋ ಮಗನಿಂದ ಒಂದು ಮಾತೂ ಬಾರದೆ ಬೆಳಗು ಮಾಡಿದ ತಾಯಂದಿರ ಸಂಕಟವನ್ನು ಯಾವ ವರದಿ ಲೆಕ್ಕಕ್ಕೆ ಹಿಡಿದೀತು?

ಅದು ಒಮ್ಮೆ ಬಂದುಹೋದ ಕಷ್ಟವೆಂದು ಸುಮ್ಮನಿರುವಂತಿಲ್ಲ. 2019ರ ಜುಲೈ 27ರಂದು ಬದಲಾಪುರ-ವಾಂಗಣಿಗಳ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಸಾವಿರಕ್ಕೂ ಮಿಕ್ಕಿ ಪ್ರಯಾಣಿಕರೊಡನೆ ನೀರಿನಲ್ಲಿ ಸಿಕ್ಕಿಬಿದ್ದಿತು. ಡೊಂಬಿವಲಿಯ ಎಂ.ಐ.ಡಿ.ಸಿ. ವಠಾರದಲ್ಲಿ 2016ರ ಮೇ 26ರಂದೂ 2024ರ ಮೇ 23ರಂದೂ ಕಾರ್ಖಾನೆ ಸ್ಫೋಟಗಳಾಗಿ ದುಡಿಯುವ ಜನರೇ ಸತ್ತರು.

ಇಂತಹ ದಿನಗಳಲ್ಲಿ ಉಪಯೋಗಕ್ಕೆ ಬರುವ ಒಂದು ಸಾಧನವುಂಟು. ಹವ್ಯಾಸಿ ರೇಡಿಯೋ, ಜನರ ಬಾಯಲ್ಲಿ ‘ಹ್ಯಾಮ್’. ಇದಕ್ಕೆ ಟವರು ಬೇಡ, ಕಂಪೆನಿ ಬೇಡ; ಒಂದು ಸೆಟ್ಟು, ಒಂದು ಬ್ಯಾಟರಿ, ಒಂದು ತಂತಿ ಸಾಕು. 2004ರ ಡಿಸೆಂಬರ್ 26ರ ಸುನಾಮಿಯ ವೇಳೆಗೆ ಹವ್ಯಾಸದ ಸಲುವಾಗಿಯೇ ಅಂದಮಾನಕ್ಕೆ ಹೋಗಿದ್ದ ಭಾರತಿ ಪ್ರಸಾದರು ಪೋರ್ಟ್‌ಬ್ಲೇರಿನಿಂದ ದ್ವೀಪದ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸುತ್ತ ಕುಳಿತದ್ದು ಇಂತಹುದೇ ಸೆಟ್ಟಿನ ಮುಂದೆ. ನಮ್ಮ ಬೆಂಗಳೂರಿನ ಹವ್ಯಾಸಿ ರೇಡಿಯೋ ಕ್ಲಬ್ಬು 1959ರಷ್ಟು ಹಿಂದಿನದು. ಮುಂಬಯಿಯಲ್ಲಿಯೂ ಈ ಹವ್ಯಾಸಿಗಳ ಸೊಸೈಟಿಯಿದೆ.

ಹಲವು ಮಂದಿ ಒಂದೇ ಅಲೆಯ ಮೇಲೆ ಕೂಡಿ ಕ್ರಮವಾಗಿ ಮಾತಾಡುವುದಕ್ಕೆ ಅವರು ‘ನೆಟ್’ ಅನ್ನುತ್ತಾರೆ, ಅಂದರೆ ಬಲೆ. ಕಡಲ ತಡಿಯಿಂದ ಬಂದ ನಮ್ಮವರಿಗೆ ಹೆಸರೇನೂ ಹೊಸದಲ್ಲ. ಅದರ ಕ್ರಮವೂ ಹೊಸದಲ್ಲ. ಗಲ್ಲೆಯಲ್ಲಿ ಕುಳಿತವರಂತೆ ಒಬ್ಬ ನಿಯಂತ್ರಕನಿರುತ್ತಾನೆ. ಅವನು ಕರೆದವರೇ ಮಾತಾಡಬೇಕು, ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು. ಸಪ್ಲಾಯರನು “ಎರಡು ಮಸಾಲೆ, ಒಂದು ಸಾದಾ” ಎಂದು ಕೂಗಿದರೆ ಒಳಗಿನಿಂದ ಭಟ್ಟರು ಅದನ್ನೇ ತಿರುಗಿ ಹೇಳುತ್ತಾರಷ್ಟೆ? ನೆಟ್ಟಿನಲ್ಲಿಯೂ ಹಾಗೆಯೇ: “ಏಳು ಮಂದಿ, ಒಬ್ಬನಿಗೆ ಗಾಯ, ಎರಡನೆಯ ಮಾಳಿಗೆ, ದೋಣಿ ಬೇಕು” ಎಂದರೆ ಕೇಳಿದವನು ಅಕ್ಷರಶಃ ಮರಳಿ ಓದಿ ಹೇಳಬೇಕು. ಏಳು ಎಂಬುದು ಎಂಟಾದರೆ ಇಲ್ಲದ ಒಬ್ಬನಿಗಾಗಿ ದೋಣಿ ಹುಡುಕುತ್ತಿರಬೇಕಾದೀತು.

ಎರಡು ಮೀಟರಿನ ಅಲೆ ಊರೊಳಗಿನ ಕೆಲಸಕ್ಕೆ. ಡೊಂಬಿವಲಿಗೂ ನವಿ ಮುಂಬಯಿಗೂ ನಡುವೆ ಪಾರಸಿಕ ಗುಡ್ಡ ಅಡ್ಡವಿರುವುದರಿಂದ, ಕೈಸೆಟ್ಟಿನ ಮಾತನ್ನು ಎತ್ತರದಲ್ಲಿಟ್ಟ ಮರುಪ್ರಸಾರ ಯಂತ್ರವೇ ದಾಟಿಸಬೇಕಾಗುತ್ತದೆ. ನಲವತ್ತು ಮೀಟರಿನ ಅಲೆಯೋ, ಹಗಲು ಹೊತ್ತಿನಲ್ಲಿ ಆಕಾಶಕ್ಕೆ ತಾಗಿ ಮರಳಿ, ಥಾಣೆಯಿಂದ ಉಡುಪಿ ಮಂಗಳೂರಿನವರೆಗೂ ಮುಟ್ಟಬಲ್ಲದು. “ನಿಮ್ಮ ಮಗ ಕ್ಷೇಮ” ಎಂಬ ಎರಡು ಮಾತು ಊರಿಗೆ ಹೋಗುವ ದಾರಿ ಇದು.

ಆದರೆ ಕ್ಷೇಮವೆಂದು ಹೇಳಬೇಕಾದವನ ಹೆಸರು ಯಾರ ಬಳಿಯಿದೆ? ಹೋಟೆಲಿನ ಮಾಳಿಗೆಯ ಮೇಲೆ ಹತ್ತು ಮಂದಿ ಮಲಗುವ ಕೋಣೆ ಯಾವ ಮತದಾರರ ಪಟ್ಟಿಯಲ್ಲಿದೆ, ಯಾವ ಹೌಸಿಂಗ್ ಸೊಸೈಟಿಯ ಫಲಕದ ಮೇಲಿದೆ? ಥಾಣೆ ಮಹಾನಗರಪಾಲಿಕೆಗೆ ತನ್ನದೇ ವಿಪತ್ತು ದಳವಿದೆ. ಕೇಂದ್ರದ ‘ಆಪದಾ ಮಿತ್ರ’ ಯೋಜನೆ 2016ರಿಂದ ಸ್ವಯಂಸೇವಕರಿಗೆ ತರಬೇತಿ ಕೊಟ್ಟಿದೆ. ಅವರು ಗಲ್ಲಿಯ ಬಾಯಿಯವರೆಗೆ ಬಂದಾರು. ಒಳಗೆ ಎಷ್ಟು ಮಂದಿ, ಯಾವ ಮೆಟ್ಟಿಲು, ಯಾರು ಕಾಯಿಲೆಯವರು ಎಂಬುದನ್ನು ಬಲ್ಲವನು ಅಲ್ಲಿಯೇ ದುಡಿಯುವ ನಮ್ಮ ಹುಡುಗ. ಸೆಟ್ಟಿನ ಮುಂದೆ ಕುಳಿತವನಿಗೆ ಈ ಹುಡುಗನೇ ಚೀಟಿ ತಂದುಕೊಡದಿದ್ದರೆ, ಎಂತಹ ನೆಟ್ಟಾದರೂ ನಮ್ಮ ಪಾಲಿಗೆ ಬರಿಯ ಗಾಳಿಮಾತೇ.

ಆದುದರಿಂದ ಸಂಘದ ಕಾರ್ಯಕಾರಿ ಸಮಿತಿಯು ಎರಡು ಬಗೆಯವರನ್ನು ಸಿದ್ಧಮಾಡಬೇಕೆಂದು ನಮ್ಮ ಆಗ್ರಹ. ಮೊದಲನೆಯವರು ಲೈಸೆನ್ಸ್ ಪರೀಕ್ಷೆಗೆ ಕೂರುವವರು. ಹನ್ನೆರಡು ವರ್ಷ ತುಂಬಿದ ಯಾರೂ ಕೂರಬಹುದು. ಕೆಳಗಿನ ದರ್ಜೆಗೆ ಮೋರ್ಸ್ ಸಂಕೇತವೂ ಬೇಡ. ಗಿರಣಿಯ ಇಲೆಕ್ಟ್ರಿಕ್ ಖಾತೆಯಲ್ಲಿ ದುಡಿದು ನಿವೃತ್ತರಾದ ಹಿರಿಯರಿಗೆ ಈ ಪಾಠ ಕಷ್ಟವಾಗದು. ಕೋಟೆಯ ಕನ್ನಡ ರಾತ್ರಿ ಶಾಲೆಗಳಲ್ಲಿ ಲೋಟ ತೊಳೆದ ಕೈಯಿಂದಲೇ ಪುಸ್ತಕ ಹಿಡಿದವರ ಪರಂಪರೆ ನಮ್ಮದು. ಲೈಸೆನ್ಸಿಲ್ಲದೆ ಪೇಟೆಯಲ್ಲಿ ಸಿಗುವ ಅಗ್ಗದ ಸೆಟ್ಟು ಕೊಂಡು ಹವ್ಯಾಸಿಗಳ ಅಲೆಯ ಮೇಲೆ ಮಾತಾಡಲು ಯಾರೂ ಹೊರಡಕೂಡದು, ಅದು ಅಪರಾಧ. ಎರಡನೆಯವರು ಚೀಟಿ ಹೊರುವ ಸ್ವಯಂಸೇವಕರು, ಪ್ರತಿ ಹೋಟೆಲಿಗೆ ಇಬ್ಬರು.

ಇಲ್ಲಿ ಮಾಲಕರಿಗೂ ಒಂದು ಮಾತು. ಅಭ್ಯಾಸದ ನೆಟ್ಟುಗಳು ನಡೆಯುವುದು ಸಾಮಾನ್ಯವಾಗಿ ಸಂಜೆಗೆ, ನಿಮ್ಮ ಗಿರಾಕಿಯ ಭರಾಟೆಯ ಹೊತ್ತಿಗೆ. ವಾರದಲ್ಲಿ ಒಂದು ಗಂಟೆ ಇಬ್ಬರನ್ನು ಬಿಟ್ಟುಕೊಡುವುದು ಉಪಕಾರವೆಂದು ಎಣಿಸಬೇಡಿ. ಮುಳುಗುವ ಮಾಳಿಗೆ ನಿಮ್ಮದೇ. ಸಂಬಳ ಕಡಿದು ಬಿಡುವುದಾದರೆ ಸಂಘ ಅದನ್ನು ಒಪ್ಪದು.

ಇಷ್ಟೆಲ್ಲ ಆಗುವ ತನಕ ಕಾಯಬೇಕಾಗಿಲ್ಲದ ಕೆಲಸವೊಂದಿದೆ. ಪ್ರತಿ ಕೋಣೆಯವರು ತಮ್ಮಲ್ಲಿ ಮಲಗುವವರ ಹೆಸರು, ಊರು, ಊರಿನಲ್ಲಿ ಸುದ್ದಿ ಮುಟ್ಟಿಸಬೇಕಾದವರ ಹೆಸರು, ಫೋನು ನಂಬರು ಬರೆದು ಒಂದು ಪ್ರತಿಯನ್ನು ಸಂಘಕ್ಕೆ ಕೊಡಲಿ, ಒಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗೋಡೆಗೆ ತೂಗಹಾಕಲಿ. ಪೆನ್ಸಿಲಿನಲ್ಲಿ ಬರೆಯಿರಿ; ನೀರು ತಾಗಿದರೆ ಶಾಯಿ ಹರಡುತ್ತದೆ.