ಮೂಗಿನ ದಾರಿ, ಶೀಳ್ ರಸ್ತೆ

ನಸುಕಿನಲ್ಲಿ ಒಂದು ಕೈ ಸೋತು ಮಾತು ತೊದಲಿದರೆ ನಮ್ಮ ಡೊಂಬಿವಲಿಯ ಮನೆಗಳಲ್ಲಿ ಮೊದಲು ಬರುವುದು ಆಂಬುಲೆನ್ಸ್ ಅಲ್ಲ, ಒಂದು ಲೋಟ ನೀರು. ಅದರ ಹಿಂದೆಯೇ ನೆರೆಮನೆಯವರ ಸಲಹೆ: ‘ಗ್ಯಾಸ್ ಇರಬೇಕು, ಸ್ವಲ್ಪ ಮಲಗಲಿ.’ ನಮ್ಮ ಕಚೇರಿಯ ಹಿರಿಯರೊಬ್ಬರು ಹೀಗೆ ಮೂರು ತಾಸು ಮಲಗಿದರು. ಉಳಿದ ಸಮಯವನ್ನು ಕಲ್ಯಾಣ್-ಶೀಳ್ ರಸ್ತೆಯ ವಾಹನಗಳ ಸಾಲು ನುಂಗಿತು. ಈಗ ಅವರಿಗೆ ನಮ್ಮ ಮಾತು ಅರ್ಥವಾಗುತ್ತದೆ, ಮರುಮಾತು ಹೊರಡುವುದಿಲ್ಲ.

ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಗಡುವು. ಅದನ್ನು ಮಾಮೂಲಿ ಆಂಬುಲೆನ್ಸಿನಲ್ಲಿ ಕೊಡುವಂತಿಲ್ಲ. ಮಿದುಳಿನ ರಕ್ತನಾಳ ಮುಚ್ಚಿದೆಯೋ ಒಡೆದಿದೆಯೋ ಎಂಬುದು ಸ್ಕ್ಯಾನ್ ಮಾಡದೆ ತಿಳಿಯದು. ಒಡೆದಿದ್ದರೆ ಅದೇ ಮದ್ದು ಪ್ರಾಣಕ್ಕೆ ಎರವಾದೀತು. ಇತ್ತ ದೊಡ್ಡ ನಾಳವೊಂದು ಮುಚ್ಚಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರ ಒಂದು ಲೆಕ್ಕಾಚಾರ ಹೇಳುತ್ತದೆ.

ಆಸ್ಪತ್ರೆ ತಲಪುವವರೆಗೆ ಆ ಕೋಶಗಳನ್ನು ಕಾಯುವ ಮದ್ದೊಂದಿದ್ದರೆ? ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಇದನ್ನು ನಿಜಕ್ಕೂ ಪರೀಕ್ಷಿಸಿದರು. ಲಕ್ವ ಹೊಡೆದ ಎರಡು ತಾಸಿನೊಳಗೆ, ಆಂಬುಲೆನ್ಸಿನಲ್ಲೇ, ಮೆಗ್ನೀಸಿಯಂ. ಒಟ್ಟು 1,700 ರೋಗಿಗಳು. 2015ರಲ್ಲಿ ಫಲಿತಾಂಶ ಬಂತು: ಅಪಾಯವಾಗಲಿಲ್ಲ, ಪ್ರಯೋಜನವೂ ಆಗಲಿಲ್ಲ. ಮದ್ದು ಹೊತ್ತಿಗೆ ಸರಿಯಾಗಿ ರಕ್ತ ಸೇರಿದರೂ ಮಿದುಳಿಗೆ ನಿಧಾನವಾಗಿ ಇಳಿಯಿತೆಂಬುದು ಸೋಲಿಗೆ ಕೊಡುವ ವಿವರಣೆಗಳಲ್ಲೊಂದು. ರಕ್ತಕ್ಕೂ ಮಿದುಳಿಗೂ ನಡುವೆ ಪ್ರಕೃತಿಯೇ ಕಟ್ಟಿದ ಗೋಡೆಯಿದೆಯಷ್ಟೆ.

ಮೂಗಿನ ದಾರಿಯ ಆಸೆ ಹುಟ್ಟುವುದು ಇಲ್ಲಿ. ಮೂಗಿನ ಮೇಲ್ಛಾವಣಿಯಲ್ಲಿ ವಾಸನೆಯ ನರಗಳ ತುದಿಗಳಿವೆ. ಅವುಗಳ ಗುಂಟ ಮದ್ದು ಆ ಗೋಡೆಯನ್ನು ಬಳಸಿ ಒಳಸೇರಬಲ್ಲದೆಂದು ವಿಲಿಯಂ ಫ್ರೇ 1989ರಲ್ಲೇ ಪ್ರತಿಪಾದಿಸಿದರು. 2001ರಲ್ಲಿ ಅವರ ತಂಡ ಇಲಿಗಳಿಗೆ ಲಕ್ವ ಬರಿಸಿ, ಇನ್ಸುಲಿನ್ನನ್ನು ಹೋಲುವ ಪ್ರೋಟೀನೊಂದನ್ನು ಮೂಗಿಗೆ ಹಾಕಿತು. ಮಿದುಳಿನ ಹಾನಿ ತಗ್ಗಿತು. ಆದರೆ ಇಲಿ ಮೂಗಿನಲ್ಲೇ ಬದುಕುವ ಪ್ರಾಣಿ. ಅದರ ಮೂಗಿನೊಳಗೆ ಸುಮಾರು ಅರ್ಧದಷ್ಟು ಜಾಗ ವಾಸನೆಗೇ ಮೀಸಲು. ನಮ್ಮಲ್ಲಿ ಹತ್ತನೆಯ ಒಂದು ಪಾಲೂ ಇಲ್ಲ.

‘ನಮ್ಮ ನಸ್ಯ ಇದನ್ನು ಎಂದೋ ಹೇಳಿತ್ತಲ್ಲ’ ಎಂದು ಗೆಳೆಯರು ಹೆಮ್ಮೆಪಡುತ್ತಾರೆ. ಮೂಗನ್ನು ಶಿರಸ್ಸಿನ ಬಾಗಿಲೆಂದು ಆಯುರ್ವೇದ ಕಂಡದ್ದು ನಿಜ. ಆದರೆ ಆ ಹೆಮ್ಮೆಯಿಂದ ಯಾರೂ ಲಕ್ವ ಹೊಡೆದವರ ಮೂಗಿಗೆ ತುಪ್ಪವನ್ನೋ ಎಣ್ಣೆಯನ್ನೋ ಬಿಡಬಾರದು. ನುಂಗುವ ಶಕ್ತಿ ಕುಂದಿರುವಾಗ ಅದು ಶ್ವಾಸಕೋಶಕ್ಕಿಳಿಯುತ್ತದೆ. ಆ ಮೊದಲ ಲೋಟ ನೀರೂ ಅಷ್ಟೇ.

ಇಂಗ್ಲಿಷ್ ಸಾಹಿತ್ಯ ಓದಿ ಸರ್ಕಾರಿ ಕಡತ ನೋಡುವ ನಮಗೆ ವೈದ್ಯದಲ್ಲಿ ಅಧಿಕಾರವಿಲ್ಲ. ರಸ್ತೆಯ ವಿಷಯದಲ್ಲಿ ಇದೆ. ಇಂಥ ಮದ್ದು ಮನುಷ್ಯರ ಪರೀಕ್ಷೆಗೆ ಬಂದಾಗ ಅದನ್ನು ದೊಡ್ಡ ಆಸ್ಪತ್ರೆಯ ಹೊಸ್ತಿಲಲ್ಲಲ್ಲ, ಕಲ್ಯಾಣದಿಂದ ಠಾಣೆಗೋ ನವಿ ಮುಂಬಯಿಗೋ ಹೊರಟು ಮುಂಬ್ರಾ ಬೈಪಾಸಿನಲ್ಲಿ ಸಿಲುಕಿದ ಆಂಬುಲೆನ್ಸಿನಲ್ಲಿ ಪರೀಕ್ಷಿಸಬೇಕು. ಅದು ಉಳಿಸಬೇಕಾದ ಸಮಯ ಕಳೆದುಹೋಗುತ್ತಿರುವುದು ಅಲ್ಲಿಯೇ.

ಸದ್ಯಕ್ಕೆ, ರಾತ್ರಿಯೂ ಸ್ಕ್ಯಾನ್ ಮಾಡಿ ಈ ಚುಚ್ಚುಮದ್ದು ಕೊಡುವ ಹತ್ತಿರದ ಆಸ್ಪತ್ರೆ ಯಾವುದೆಂದು ವಿಚಾರಿಸಿ, ಅದರ ಹೆಸರನ್ನು 108ರ ಜೊತೆ ಫಲಕದ ಮೇಲೆ ಬರೆಸಲು ನಮ್ಮ ಸೊಸೈಟಿಯ ಕಾರ್ಯದರ್ಶಿಯವರನ್ನು ಕೇಳಿದ್ದೇವೆ. ನೀರಿನ ವೇಳಾಪಟ್ಟಿಯ ಕೆಳಗೆ ಜಾಗವಿದೆ ಎಂದಿದ್ದಾರೆ.